ಜರ್ಕ್ ಮಸಾಲೆ ಪುಡಿ ಮನೆಯಲ್ಲೇ ಮಾಡಿ

ಖಾರ ಮಸಾಲೆ ತಿಕ್ಕಿ ಕೆಂಡದ ಮೇಲೆ ಸುಡುವ ಜಮೈಕಾದ ಜರ್ಕ್ ಚಿಕನ್ ಇಷ್ಟಪಡುವವರಿಗೆ ಒಂದು ಸಲಹೆ. ಈ ಮಸಾಲೆಯ ಜೀವ ಇರುವುದೇ ಆಲ್‌ಸ್ಪೈಸ್‌ನಲ್ಲಿ. ಇದು ಮಸಾಲೆಗಳ ಮಿಶ್ರಣವಲ್ಲ, ಒಂದು ಮರದ ಒಣಗಿದ ಕಾಯಿ, ನೋಡಲು ದಪ್ಪ ಕಾಳುಮೆಣಸಿನ ಹಾಗಿರುತ್ತದೆ. ಇದರ ಬದಲು ಗರಂ ಮಸಾಲೆ ಹಾಕಿದರೆ ಆ ರುಚಿ ಖಂಡಿತ ಬರುವುದಿಲ್ಲ. ಪುಡಿಯನ್ನೂ ಕೊಳ್ಳಬೇಡಿ, ಇಡೀ ಕಾಳನ್ನೇ ತನ್ನಿ. ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಪುಡಿ ಮಾಡಿ.

1 ಕೆಜಿ ಕೋಳಿಗೆ ಈ ಆಲ್‌ಸ್ಪೈಸ್ ಪುಡಿ 1 ದೊಡ್ಡ ಚಮಚ, ಒಣ ಥೈಮ್ (ಒಂದು ಪರಿಮಳದ ಸೊಪ್ಪು) ಅಷ್ಟೇ, ಬೆಲ್ಲದ ಪುಡಿ ಅಷ್ಟೇ. ಉಪ್ಪು 2 ಟೀ ಚಮಚ, ಕಾಳುಮೆಣಸು ಮತ್ತು ಬೆಳ್ಳುಳ್ಳಿ ಪುಡಿ ಒಂದೊಂದು ಟೀ ಚಮಚ, ಚಕ್ಕೆ ಪುಡಿ ಅರ್ಧ ಟೀ ಚಮಚ, ಜಾಯಿಕಾಯಿ ಚಿಟಿಕೆ. ಖಾರಕ್ಕೆ ಜಮೈಕಾದಲ್ಲಿ ಹಾಕುವುದು ಸ್ಕಾಚ್ ಬಾನೆಟ್ ಮೆಣಸಿನಕಾಯಿ. ಅದು ವಿಪರೀತ ಖಾರ. ನಮ್ಮಲ್ಲಿ ಗುಂಟೂರು ಮೆಣಸಿನ ಪುಡಿ ಹಾಕಿ, ಬ್ಯಾಡಗಿ ಬಣ್ಣ ಕೊಡುತ್ತೆ ಅಷ್ಟೇ.

ಎಲ್ಲವನ್ನೂ ಬೆರೆಸಿ. ಕೋಳಿಯ ನೀರು ಒರೆಸಿ, ಈ ಮಸಾಲೆಯನ್ನು ಚರ್ಮದ ಕೆಳಗೂ ತಿಕ್ಕಿ. ಫ್ರಿಜ್‌ನಲ್ಲಿ ರಾತ್ರಿಯಿಡೀ ಇಟ್ಟರೆ ಒಳ್ಳೆಯದು. ಬೆಲ್ಲ ಬೇಗ ಸೀಯುತ್ತದೆ, ಉರಿ ಜಾಸ್ತಿ ಬೇಡ. ಕೆಂಡದಲ್ಲಿ ಸುಡುವುದಾದರೆ ನೆನೆಸಿದ ನಾಲ್ಕಾರು ಆಲ್‌ಸ್ಪೈಸ್ ಕಾಳು ಕೆಂಡಕ್ಕೆ ಹಾಕಿ, ಆ ಹೊಗೆ ಬಹಳ ಚೆನ್ನಾಗಿರುತ್ತೆ. ಬೇಕಾದಷ್ಟು ಪುಡಿಯನ್ನು ಮೊದಲೇ ಬಟ್ಟಲಿಗೆ ತೆಗೆದುಕೊಳ್ಳಿ. ಹಸಿ ಮಾಂಸ ಮುಟ್ಟಿದ ಕೈಯನ್ನು ಡಬ್ಬಿಗೆ ಹಾಕಲೇಬೇಡಿ.