ಜೆಲ್ಲಿ ಗಟ್ಟಿಯಾಗಲು ಬಿಡದ ಅನಾನಸ್: ಕಿಣ್ವದ ಕೆಲಸ ಮನೆಯಲ್ಲೇ ನೋಡುವುದು ಹೇಗೆ?

ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ತಾರ್ಲೆ ಕೊಳ್ಳುವವರು ಹೊಟ್ಟೆಯ ಕಡೆ ಒಮ್ಮೆ ನೋಡದೆ ಬಿಡುವುದಿಲ್ಲ. ಹೊಟ್ಟೆ ಒಡೆದಿದ್ದರೆ ಮುಂದಿನ ಬುಟ್ಟಿಗೆ ಹೋಗುತ್ತಾರೆ. ಕೆಲವು ಸಲ ಮೀನಿನ ಕಣ್ಣು ಇನ್ನೂ ಹೊಳೆಯುತ್ತಿರುತ್ತದೆ, ಹೊಟ್ಟೆ ಮಾತ್ರ ಹರಿದು ಕರುಳು ಹೊರಗೆ ಬಂದಿರುತ್ತದೆ. ಯಾರೂ ಕತ್ತಿ ಹಾಕಿಲ್ಲ. ಹೊಟ್ಟೆ ತುಂಬ ತಿಂದ ಮೀನು ಬಲೆಗೆ ಬಿದ್ದಾಗ ಅದರ ಕರುಳಿನಲ್ಲಿ ಜೀರ್ಣರಸವೂ ತುಂಬಿರುತ್ತದೆ. ಮೀನು ಸತ್ತರೂ ಆ ರಸದ ಕೆಲಸ ನಿಲ್ಲುವುದಿಲ್ಲ. ತಿಂದದ್ದರ ಜೊತೆಗೆ ಹೊಟ್ಟೆಯ ಗೋಡೆಯನ್ನೂ ಕರಗಿಸುತ್ತದೆ. ಐಸ್ ಹಾಕಿದರೆ ಈ ಕೆಲಸ ನಿಧಾನವಾಗುತ್ತದೆ. ಮೀನು ಮಾರುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆ ರಸದಲ್ಲಿ ಕೆಲಸ ಮಾಡುವುದು ಕಿಣ್ವ, ಅಂದರೆ ಎನ್‌ಝೈಮ್. ಹೀಗೆ ಮಾಂಸ, ಚರ್ಮದಂಥ ಅಂಗಾಂಶವನ್ನು ಕತ್ತರಿಸುವ ಕಿಣ್ವಗಳೇ ಇಂದು ಆಸ್ಪತ್ರೆಯಲ್ಲಿ ಔಷಧವಾಗಿ, ಪ್ರಯೋಗಾಲಯದಲ್ಲಿ ಉಪಕರಣವಾಗಿ ಬಳಕೆಯಲ್ಲಿವೆ. ಅವು ಹೇಗೆ ಕೆಲಸ ಮಾಡುತ್ತವೆ ಅಂತ ಓದಿ ತಿಳಿಯುವುದಕ್ಕಿಂತ ಒಮ್ಮೆ ಕಣ್ಣಾರೆ ನೋಡುವುದು ಒಳ್ಳೆಯದು. ಅದಕ್ಕೆ ದೊಡ್ಡ ಲ್ಯಾಬ್ ಬೇಡ. ಒಂದು ಅನಾನಸ್, ಒಂದಿಷ್ಟು ಜೆಲಾಟಿನ್, ಐದಾರು ಲೋಟ ಸಾಕು. ಬನವಾಸಿ ಅನಾನಸ್ ಶಿರಸಿ ಪೇಟೆಗೆ ಬಂದು ಬೀಳುವ ದಿನಗಳಾದರೆ ಖರ್ಚೂ ಜಾಸ್ತಿ ಇಲ್ಲ.

ಮೊದಲು ಜೆಲಾಟಿನ್ ವಿಷಯ. ಇದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುತ್ತದೆ. ಅಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನನ್ನು ಬಿಸಿಮಾಡಿ ಬಿಚ್ಚಿದರೆ ಸಿಗುವುದೇ ಜೆಲಾಟಿನ್. ಬೇಕರಿ ಸಾಮಾನು ಮಾರುವ ಅಂಗಡಿಯಲ್ಲಿ ಪುಡಿಯಾಗಿ ಸಿಗುತ್ತದೆ. ಪೊಟ್ಟಣದ ಮೇಲೆ ಹಸಿರು ಚುಕ್ಕಿ ಇದ್ದರೆ ಅದು ನಮಗೆ ಬೇಕಾದ ಜೆಲಾಟಿನ್ ಅಲ್ಲ. ಅದು ಸಮುದ್ರದ ಪಾಚಿಯಿಂದ ಮಾಡಿದ್ದೋ ಇನ್ನೊಂದೋ ಆಗಿರುತ್ತದೆ. ನಾನು ಪೊಟ್ಟಣ ಹಿಡಿದು ಮನೆಗೆ ಬಂದಾಗ ಆಯಿ ಬಾಗಿಲಲ್ಲೇ ತಡೆದಳು. "ತಮಾ, ಅದನ್ನ ಅಡುಗೆಮನೆಗೆ ತರಡ" ಅಂದಳು. ಸರಿ ಅಂತ ಜಗಲಿಯ ಮೂಲೆಯಲ್ಲಿ ಹಳೆಯ ಸ್ಟೌ, ಬೇರೆ ಪಾತ್ರೆ ಇಟ್ಟುಕೊಂಡು ಶುರುಮಾಡಿದೆ. ನಿಮ್ಮ ಮನೆಯಲ್ಲೂ ಇದೇ ಕಥೆ ಆಗಿದ್ದರೆ ಪಾತ್ರೆ, ಚಮಚ ಎಲ್ಲ ಬೇರೆ ಇಟ್ಟುಬಿಡಿ. ಪ್ರಯೋಗದ ಪಾತ್ರೆ ಹೇಗೂ ಅಡುಗೆಗೆ ಬೇಡ.

ಎರಡು ಚಿಕ್ಕ ಚಮಚ ಜೆಲಾಟಿನ್ ಪುಡಿಯನ್ನು ಅರ್ಧ ಲೋಟ ತಣ್ಣೀರಿಗೆ, ಅಂದರೆ ಸುಮಾರು 120 ಮಿಲಿ ನೀರಿಗೆ, ಉದುರಿಸಿ. ಹತ್ತು ನಿಮಿಷ ಹಾಗೇ ಬಿಡಿ. ಪುಡಿ ನೀರು ಕುಡಿದು ನೆನೆಸಿದ ಸಬ್ಬಕ್ಕಿಯ ಹಾಗೆ ಉಬ್ಬುತ್ತದೆ. ಆಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕರಗಿಸಿ. ಕುದಿಸಬೇಡಿ. ತಿಳಿಯಾದ ಮೇಲೆ ಇಳಿಸಿ, ಬೆರಳು ಅದ್ದಿದರೆ ಸುಡದಷ್ಟು ಆರಲು ಬಿಡಿ. ಇಲ್ಲಿ ಅವಸರ ಮಾಡಿದರೆ ಇಡೀ ಪ್ರಯೋಗ ಕೆಟ್ಟಿತು. ಬಿಸಿ ದ್ರಾವಣಕ್ಕೆ ರಸ ಹಾಕಿದರೆ ಕಿಣ್ವ ಸತ್ತುಹೋಗುತ್ತದೆ.

ಅದು ಆರುವಷ್ಟರಲ್ಲಿ ಅನಾನಸ್ ರಸ ತೆಗೆಯಿರಿ. ನಾವು ಎಸೆಯುವ ನಡುವಿನ ಗಟ್ಟಿ ದಿಂಡನ್ನೂ ಸೇರಿಸಿ ಅರೆದು ಬಟ್ಟೆಯಲ್ಲಿ ಹಿಂಡಿ. ರಸದ ಅರ್ಧವನ್ನು ಐದು ನಿಮಿಷ ಚೆನ್ನಾಗಿ ಕುದಿಸಿ ಆರಿಸಿ.

ಈಗ ನಾಲ್ಕು ಲೋಟಗಳಿಗೆ ಜೆಲಾಟಿನ್ ದ್ರಾವಣವನ್ನು ಸಮನಾಗಿ ಹಂಚಿ. ಒಂದಕ್ಕೆ ಎರಡು ಚಿಕ್ಕ ಚಮಚ ನೀರು. ಇನ್ನೊಂದಕ್ಕೆ ಅಷ್ಟೇ ಹಸಿ ರಸ. ಮೂರನೆಯದಕ್ಕೆ ಕುದಿಸಿದ ರಸ. ನಾಲ್ಕನೆಯದಕ್ಕೆ ಒಂದು ಚಮಚ ನಿಂಬೆರಸ, ಒಂದು ಚಮಚ ನೀರು. ನಿಂಬೆ ಯಾಕೆ ಅಂದರೆ, "ಅನಾನಸ್ ಹುಳಿ ಅಲ್ವಾ, ಹುಳಿಗೇ ಕರಗಿರಬೇಕು" ಅಂತ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಅವರಿಗೆ ತೋರಿಸಲು ಅದು ಬೇಕು. ಆಸಕ್ತಿ ಇದ್ದರೆ ಐದನೆಯ ಲೋಟವೂ ಇರಲಿ: ಸಮುದ್ರದ ಪಾಚಿಯಿಂದ ಮಾಡುವ ಚೈನಾ ಗ್ರಾಸ್ ಕರಗಿಸಿ ಅದಕ್ಕೆ ಹಸಿ ರಸ ಹಾಕಿ. ಚೈನಾ ಗ್ರಾಸ್ ಬೇಗ ಹೆಪ್ಪಾಗುತ್ತದೆ, ಹಾಗಾಗಿ ಸ್ವಲ್ಪ ಬೆಚ್ಚಗಿರುವಾಗಲೇ ಬೆರೆಸಬೇಕು. ಪ್ರತಿ ಲೋಟದ ಮೇಲೂ ಚೀಟಿ ಅಂಟಿಸಿ. ನೆನಪಿರುತ್ತದೆ ಅಂತ ಸುಮ್ನೆ ಬಿಟ್ಟರೆ ಅರ್ಧ ಗಂಟೆಯ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಅರ್ಧ ಗಂಟೆ ಹೊರಗಿಟ್ಟು, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಲೋಟ ಓರೆಮಾಡಿ ನೋಡಿ. ನೀರಿನ ಲೋಟ ಗಟ್ಟಿ. ಕುದಿಸಿದ ರಸದ್ದೂ ಗಟ್ಟಿ. ನಿಂಬೆಯದು ತುಸು ಮೆತ್ತಗಿದ್ದರೂ ಜೆಲ್ಲಿಯೇ. ಚೈನಾ ಗ್ರಾಸ್ ಕೂಡ ಗಟ್ಟಿ, ಯಾಕೆಂದರೆ ಅದು ಪ್ರೋಟೀನೇ ಅಲ್ಲ. ಹಸಿ ರಸದ ಲೋಟ ಮಾತ್ರ ಶರಬತ್ತಿನ ಹಾಗೆ ಗುಳುಗುಳು ಅಲುಗಾಡುತ್ತದೆ. ರಸದಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಜೆಲಾಟಿನ್ನಿನ ಉದ್ದನೆಯ ಎಳೆಗಳನ್ನು ಚೂರುಚೂರು ಮಾಡಿದೆ. ತುಂಡು ಎಳೆಗಳಿಂದ ಬಲೆ ಹೆಣೆಯಲು ಆಗುವುದಿಲ್ಲ, ನೀರು ನಿಲ್ಲುವುದಿಲ್ಲ. ಹಸಿ ಅನಾನಸ್ ಜಾಸ್ತಿ ತಿಂದಾಗ ನಾಲಿಗೆ ಚುರುಚುರು ಅನ್ನುವುದರಲ್ಲೂ ಇದೇ ಕಿಣ್ವದ ಕೈವಾಡ ಇದೆ. ಗೊಜ್ಜು ಮಾಡಿದರೆ ಆ ಕಾಟ ಇಲ್ಲ.

ನನ್ನ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಇದನ್ನೇ ಮೇ ತಿಂಗಳಲ್ಲಿ ಕಾರವಾರದ ಅಕ್ಕನ ಮನೆಯಲ್ಲಿ ಮಕ್ಕಳಿಗೆ ತೋರಿಸಲು ಹೋದೆ. ಲೋಟಗಳನ್ನು ಫ್ರಿಜ್ಜಿನಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು ಭಾಷಣ ಶುರುಮಾಡಿದೆ. ಭಾಷಣ ಮುಗಿಯುವಷ್ಟರಲ್ಲಿ ಎಲ್ಲ ಲೋಟವೂ ನೀರು! ಜೆಲಾಟಿನ್ ಮೂವತ್ತು ಡಿಗ್ರಿಯ ಆಸುಪಾಸಿನಲ್ಲಿ ತಾನಾಗೇ ಕರಗುತ್ತದೆ, ಕರಾವಳಿಯ ಬೇಸಿಗೆಗೆ ಅಷ್ಟು ಸಾಕು. ಅಕ್ಕನ ಮಗಳು "ಮಾಮ, ನೀರಿನಲ್ಲೂ ಕಿಣ್ವ ಇದ್ಯಾ?" ಅಂತ ಕೇಳಿದಳು. ಕೇಳಿದ್ದು ಸರಿಯಾಗೇ ಇತ್ತು. ನೀರಿನ ಲೋಟವೂ ಕರಗಿದ್ದರೆ ಆ ದಿನದ ಪ್ರಯೋಗ ಲೆಕ್ಕಕ್ಕಿಲ್ಲ. ಕರಾವಳಿಯವರು ಲೋಟಗಳನ್ನು ಐಸ್ ನೀರಿನ ತಟ್ಟೆಯಲ್ಲಿಟ್ಟೇ ತೋರಿಸಿ.

ಇಷ್ಟಕ್ಕೇ ನಿಲ್ಲಿಸದೆ ಅಳತೆಯನ್ನೂ ಮಾಡಬಹುದು. ಹಸಿ ರಸಕ್ಕೆ ಸಮಪಾಲು ನೀರು ಬೆರೆಸಿ. ಅದರಲ್ಲಿ ಅರ್ಧ ತೆಗೆದು ಮತ್ತೆ ಸಮಪಾಲು ನೀರು. ಹೀಗೆ ಐದಾರು ಸಲ ಮಾಡಿ, ಪ್ರತಿಯೊಂದರಿಂದಲೂ ಎರಡೆರಡು ಚಮಚ ಒಂದೊಂದು ಜೆಲಾಟಿನ್ ಲೋಟಕ್ಕೆ ಹಾಕಿ. ಎಷ್ಟು ತೆಳುವಾದಾಗ ಜೆಲ್ಲಿ ಕಟ್ಟಲು ಶುರುವಾಗುತ್ತದೋ ಅದು ನಿಮ್ಮ ಹಣ್ಣಿನ ಕಿಣ್ವದ ತಾಕತ್ತು. ದಿಂಡಿನ ರಸಕ್ಕೂ ತೊಳೆಯ ರಸಕ್ಕೂ, ಕಾಯಿಗೂ ಹಣ್ಣಿಗೂ ಹೋಲಿಸಬಹುದು. ನನ್ನ ಪ್ರಕಾರ ಈ ಪ್ರಯೋಗದ ಅಸಲಿ ಮಜಾ ಇರುವುದೇ ಇಲ್ಲಿ.

ಪ್ರಯೋಗಾಲಯದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ, ಅಳತೆ ಮಾತ್ರ ಸೂಕ್ಷ್ಮ. ಆದರೆ ಒಂದು ವ್ಯತ್ಯಾಸ ಇದೆ. ಜೆಲಾಟಿನ್ ಬಿಚ್ಚಿದ ಹಗ್ಗ, ಅದನ್ನು ಕತ್ತರಿಸಲು ಹಲವು ಕಿಣ್ವಗಳಿಗೆ ಬರುತ್ತದೆ. ನಮ್ಮ ಚರ್ಮ, ಸ್ನಾಯುಬಂಧ, ಮೂಳೆಯಲ್ಲಿರುವ ಕೊಲಾಜೆನ್ ಮೂರು ಎಳೆ ಸೇರಿಸಿ ಬಿಗಿಯಾಗಿ ಹೊಸೆದ ಹಗ್ಗ. ಅದರ ಮುಂದೆ ಮಾಮೂಲಿ ಕಿಣ್ವಗಳ ಆಟ ನಡೆಯುವುದಿಲ್ಲ. ಅದಕ್ಕೇ ಮೀಸಲಾದ ಕತ್ತರಿ ಕೊಲಾಜಿನೇಸ್. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇನೆಸ್ ಮ್ಯಾಂಡಲ್ ಮತ್ತು ಜೊತೆಗಾರರು 1953ರಲ್ಲಿ ಕ್ಲಾಸ್ಟ್ರಿಡಿಯಂ ಹಿಸ್ಟೊಲಿಟಿಕಂ ಎಂಬ ಬ್ಯಾಕ್ಟೀರಿಯಾದಿಂದ ಇದನ್ನು ಬೇರ್ಪಡಿಸಿದ ವಿವರ ಪ್ರಕಟಿಸಿದರು. ಇದರ ಶಕ್ತಿ ಅಳೆಯುವ ಕ್ರಮ ಹೀಗೆ: ಕೊಲಾಜೆನ್ ತುಣುಕಿನ ಜೊತೆ ಕಿಣ್ವವನ್ನು ಕ್ಯಾಲ್ಸಿಯಂ ಇರುವ ದ್ರಾವಣದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ಗಂಟೆ ಇಡುತ್ತಾರೆ. ಆಮೇಲೆ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಹಾಕುತ್ತಾರೆ. ಕತ್ತರಿಸಿದ ಚೂರು ಹೆಚ್ಚಿದ್ದಷ್ಟೂ ನೇರಳೆ ಬಣ್ಣ ಗಾಢವಾಗುತ್ತದೆ. ಬಣ್ಣವನ್ನು ಯಂತ್ರದಲ್ಲಿ ಅಳೆದು ಲೆಕ್ಕ ಹಾಕುತ್ತಾರೆ. ನಾವು ಲೋಟ ಓರೆಮಾಡಿ ನೋಡಿದ್ದೇ ಇದು.

ಈ ಕತ್ತರಿ ನಮ್ಮಂಥ ಪ್ರಾಣಿಗಳಲ್ಲೂ ಇದೆ ಅಂತ ಗೊತ್ತಾದದ್ದು ಕಪ್ಪೆಯ ಗೊದಮೊಟ್ಟೆಯಿಂದ. ಮಳೆಗಾಲದಲ್ಲಿ ನಮ್ಮ ಗದ್ದೆಯ ನೀರಿನಲ್ಲಿ ಬಾಲ ಆಡಿಸುತ್ತಿರುತ್ತವಲ್ಲ, ಅವೇ. ಕಪ್ಪೆಯಾಗುವಾಗ ಆ ಬಾಲ ಎಲ್ಲಿಗೆ ಹೋಗುತ್ತದೆ? ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯರ್ 1962ರಲ್ಲಿ ಬಾಲದ ತುಣುಕನ್ನು ಕೊಲಾಜೆನ್ ಜೆಲ್ಲಿಯ ಮೇಲೆ ಇಟ್ಟು ನೋಡಿದರು. ತುಣುಕಿನ ಸುತ್ತ ಜೆಲ್ಲಿ ಕರಗಿತು. ಪ್ರಾಣಿಯ ಕೊಲಾಜಿನೇಸ್ ಸಿಕ್ಕಿದ್ದು ಹಾಗೆ. ಅದು ಹಗ್ಗವನ್ನು ಒಂದೇ ಜಾಗದಲ್ಲಿ, ಮುಕ್ಕಾಲು ಕಾಲು ಭಾಗವಾಗಿ ಕತ್ತರಿಸುತ್ತದೆ. ಆಮೇಲೆ ಮೈಯ ಬಿಸಿಗೆ ಹಗ್ಗ ತಾನೇ ಬಿಚ್ಚಿಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಕಿಣ್ವಕ್ಕೆ ಅಷ್ಟು ಶಿಸ್ತಿಲ್ಲ, ಹಲವು ಕಡೆ ಕತ್ತರಿಸುತ್ತದೆ. ಔಷಧಕ್ಕೆ ಒದಗಿದ್ದು ಆ ಒರಟು ಕತ್ತರಿಯೇ.

ಕೆಲವರ ಅಂಗೈಯಲ್ಲಿ ಕೊಲಾಜೆನ್ ಗಂಟುಕಟ್ಟಿ ಹುರಿಯಾಗಿ ಬೆರಳು ಒಳಕ್ಕೆ ಮಡಚಿಕೊಂಡುಬಿಡುತ್ತದೆ. ಡುಪಿಟ್ರನ್ ಕಾಂಟ್ರಾಕ್ಚರ್ ಎಂದು ಅದರ ಹೆಸರು. ಕೈ ಚಾಚಿ ಊಟದ ಎಲೆ ಒರೆಸಲೂ ಆಗುವುದಿಲ್ಲ. ಆ ಹುರಿಯೊಳಗೆ ಕೊಲಾಜಿನೇಸ್ ಚುಚ್ಚಿ, ಒಂದರಿಂದ ಮೂರು ದಿನದೊಳಗೆ ವೈದ್ಯರು ಬೆರಳನ್ನು ಎಳೆದು ನೇರ ಮಾಡುವ ಚಿಕಿತ್ಸೆಗೆ ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿತು. ಪಕ್ಕದ ಸ್ನಾಯುರಜ್ಜುವೂ ಕೊಲಾಜೆನ್ನಿನದ್ದೇ ಆದ್ದರಿಂದ ಸೂಜಿ ಒಂದಿಷ್ಟು ಆಚೀಚೆ ಆದರೂ ಅಪಾಯ. ಸುಟ್ಟ ಗಾಯದ ಸತ್ತ ಚರ್ಮ ತೆಗೆಯಲು ಕೊಲಾಜಿನೇಸ್ ಮುಲಾಮು ಇದೆ. ನಮ್ಮ ಬ್ರೊಮೆಲಿನ್ನಿನದ್ದೂ ಔಷಧವಿದೆ. ಅದನ್ನು ಅನಾನಸ್ ಗಿಡದ ಕಾಂಡದಿಂದ ಶುದ್ಧಮಾಡಿ ತಯಾರಿಸುತ್ತಾರೆ, ನಾಲ್ಕು ಗಂಟೆ ಸುಟ್ಟ ಜಾಗದಲ್ಲಿ ಹಚ್ಚಿಟ್ಟು ಒರೆಸುತ್ತಾರೆ. ಯುರೋಪಿನಲ್ಲಿ 2012ರಲ್ಲಿ, ಅಮೆರಿಕದಲ್ಲಿ 2022ರಲ್ಲಿ ಅದಕ್ಕೆ ಅನುಮತಿ ಸಿಕ್ಕಿದೆ.

ಲ್ಯಾಬಿನವರಿಗೆ ಕೊಲಾಜಿನೇಸ್ ಬೇಕಾಗುವುದು ಜೀವಕೋಶ ಬಿಡಿಸಲು. ಯಕೃತ್ತಿನ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಬೇಕೆಂದರೆ ನಡುವಿನ ಕೊಲಾಜೆನ್ ಕತ್ತರಿಸಬೇಕು, ಕೋಶ ಸಾಯಬಾರದು. ಇಲಿಯ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಕೊಡುವ ಕೋಶಗುಚ್ಛಗಳನ್ನು 1967ರಲ್ಲಿ ಹೀಗೇ ಬಿಡಿಸಿದರು. ಮುಂದೆ ಸಕ್ಕರೆ ಕಾಯಿಲೆಯವರಿಗೆ ಆ ಗುಚ್ಛಗಳ ಕಸಿ ಸಾಧ್ಯವಾದದ್ದು ಇದೇ ದಾರಿಯಲ್ಲಿ. ಹೊತ್ತು ಕಡಿಮೆಯಾದರೆ ಮುದ್ದೆ, ಜಾಸ್ತಿಯಾದರೆ ಕೋಶಗಳೇ ಹಾಳು. ಒಂದು ಸಲ ಬಂದ ಕಿಣ್ವದ ಡಬ್ಬಿಗೂ ಮುಂದಿನ ಸಲದ್ದಕ್ಕೂ ತಾಕತ್ತು ಬೇರೆ. ಹಾಗಾಗಿ ಅನುಭವ ಇರುವವರು ಮೊದಲು ಸ್ವಲ್ಪ ತರಿಸಿ, ಪರೀಕ್ಷೆ ಮಾಡಿ, ಹೊಂದಿಕೊಂಡರೆ ಅದೇ ತಯಾರಿಕೆಯ ಉಳಿದ ಡಬ್ಬಿಗಳನ್ನು ಕೊಂಡಿಡುತ್ತಾರೆ.

ಇಷ್ಟು ಓದಿ ಯಾರೂ ಗಾಯಕ್ಕೆ ಅನಾನಸ್ ರಸವನ್ನೋ ಪಪ್ಪಾಯಿ ಹಾಲನ್ನೋ ಹಚ್ಚಲು ಹೋಗಬೇಡಿ. ಅದರಲ್ಲಿ ರೋಗಾಣುವೂ ಇರುತ್ತದೆ, ಸತ್ತ ಚರ್ಮ ಬದುಕಿದ ಚರ್ಮ ಅಂತ ಭೇದವೂ ಅದಕ್ಕಿಲ್ಲ. ಪಪ್ಪಾಯಿ ಹಾಲಿನಿಂದ ಇದೇ ಪ್ರಯೋಗ ಮಾಡುವವರು ಕೈಗವಸು ಹಾಕಿಕೊಳ್ಳಿ, ಕಣ್ಣಿಗೆ ತಾಗಿಸಬೇಡಿ. ಮಣ್ಣಿನಿಂದಲೋ ಕೊಳೆತ ಮೀನಿನಿಂದಲೋ ಬ್ಯಾಕ್ಟೀರಿಯಾ ಬೆಳೆಸುವ ಸಾಹಸ ಮನೆಯಲ್ಲಿ ಬೇಡವೇ ಬೇಡ. ಮುಗಿದ ಮೇಲೆ ಜೆಲ್ಲಿಯನ್ನು ಯಾರೂ ತಿನ್ನದ ಹಾಗೆ ಬಿಸಿನೀರು ಹೊಯ್ದು ಕರಗಿಸಿ, ತೆಂಗಿನ ಬುಡಕ್ಕೆ ಚೆಲ್ಲಿ. ತಣ್ಣೀರಿನಲ್ಲಿ ಚೆಲ್ಲಿದರೆ ಬಚ್ಚಲಿನ ಕೊಳವೆ ಕಟ್ಟಿಕೊಳ್ಳುತ್ತದೆ, ಆಮೇಲೆ ಆಯಿಗೆ ಉತ್ತರ ಹೇಳಬೇಕಾದವರು ನೀವು.