ಪರಮ ಪ್ರಸಾದ ಸ್ವೀಕರಿಸುವ ಕ್ರಮ

ಕಥೋಲಿಕ ಬಲಿಪೂಜೆಯಲ್ಲಿ (ಚರ್ಚಿನ ಮುಖ್ಯ ಆರಾಧನೆ, ಮಾಸ್) ಪರಮ ಪ್ರಸಾದಕ್ಕೆ ಬಳಸುವುದು ಗೋಧಿಹಿಟ್ಟು, ನೀರು ಮಾತ್ರ ಸೇರಿಸಿ ಮಾಡಿದ, ಹುಳಿ ಬೆರೆಸದ ತೆಳು ರೊಟ್ಟಿ. ಶಿಲುಬೆಗೇರುವ ಮುನ್ನ ಶಿಷ್ಯರೊಂದಿಗೆ ಮಾಡಿದ ಕಡೆಯ ಭೋಜನದಲ್ಲಿ ಯೇಸುಸ್ವಾಮಿ ಆಡಿದ “ಇದು ನನ್ನ ಶರೀರ” ಎಂಬ ಮಾತನ್ನು ಗುರುಗಳು ಪೀಠದ ಮೇಲೆ ನುಡಿದ ಬಳಿಕ ಅದು ಕ್ರಿಸ್ತರ ಶರೀರವೇ, ಬರೀ ಗುರುತಲ್ಲ ಎಂಬುದು ಧರ್ಮಸಭೆಯ ವಿಶ್ವಾಸ. ಸ್ವೀಕರಿಸುವ ರೀತಿನೀತಿಯೆಲ್ಲ ಹುಟ್ಟಿದ್ದು ಇದರಿಂದಲೇ.

ಪ್ರಸಾದ ಸ್ವೀಕರಿಸುವ ಹೊತ್ತಿಗೆ ಹೊಟ್ಟೆಗೆ ಏನೂ ಹೋಗದೆ ಒಂದು ಗಂಟೆಯಾದರೂ ಆಗಿರಬೇಕು. ಲೆಕ್ಕ ಪೂಜೆ ಶುರುವಾಗುವ ಹೊತ್ತಿಗಲ್ಲ. ನೀರು, ಔಷಧಿಗೆ ಅಡ್ಡಿಯಿಲ್ಲ. ಕಾಫಿ ಕುಡಿದರೆ ಉಪವಾಸ ಮುರಿದಂತೆ. ವೃದ್ಧರು, ರೋಗಿಗಳು, ಅವರ ಆರೈಕೆ ಮಾಡುವವರಿಗೆ ಈ ನಿಯಮವಿಲ್ಲ. ಗಂಭೀರ ಪಾಪ ಮಾಡಿರುವ ಅರಿವಿದ್ದರೆ ಮೊದಲು ಪಾಪನಿವೇದನೆ, ಅಂದರೆ ಗುರುಗಳ ಬಳಿ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವುದು. ಅದಾಗಿಲ್ಲವೆಂದರೆ ಕುಳಿತಲ್ಲೇ ಪ್ರಾರ್ಥಿಸಿ. ಹಾಗೆ ಕುಳಿತವರನ್ನು ಅಕ್ಕಪಕ್ಕದವರು ಏಕೆಂದು ಕೇಳಲೇಬಾರದು.

ಸಾಲಿನಲ್ಲಿ ನಿಮ್ಮ ಮುಂದಿನವರು ಸ್ವೀಕರಿಸುವಾಗ ತಲೆಬಾಗಿ ನಮಿಸಿ. ಕೈಯಲ್ಲಿ ಪಡೆಯುವುದಾದರೆ ಬಲಗೈ ಕೆಳಗೆ, ಎಡಗೈ ಮೇಲೆ, ಅಂಗೈ ಚಪ್ಪಟೆಯಾಗಿ, ಎದೆಯ ಎತ್ತರಕ್ಕೆ. ಎಡಗೈಗೆ ಪ್ರಸಾದವೇ ಎಂದು ಹಿಂಜರಿಯಬೇಡಿ. ಎತ್ತಿ ಬಾಯಿಗಿಡಲು ಬಲಗೈ ಬಿಡುವಾಗಿರಲೆಂದೇ ಈ ಕ್ರಮ. ಎಡಚರು ಕೈ ಅದಲುಬದಲು ಮಾಡಿಕೊಳ್ಳಬಹುದು. ಗುರುಗಳ ಬೆರಳಿನಿಂದ ಕಸಿದುಕೊಳ್ಳುವಂತೆ ತೆಗೆದುಕೊಳ್ಳಬಾರದು, ಅವರೇ ಇಡಲಿ. “ಕ್ರಿಸ್ತರ ಶರೀರ” ಎಂದಾಗ ಕೇಳಿಸುವಂತೆ “ಆಮೆನ್” ಎನ್ನಿ. ಹೌದು, ನಂಬುತ್ತೇನೆ ಎಂದು ಒಪ್ಪಿಕೊಳ್ಳುವ ಗಳಿಗೆ ಅದು, ಗೊಣಗಿ ಮುಗಿಸುವಂಥದ್ದಲ್ಲ. ಅಲ್ಲೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಸೇವಿಸಿ, ಅಂಗೈಯಲ್ಲಿ ಚೂರು ಉಳಿದಿದೆಯೇ ನೋಡಿ, ಇದ್ದರೆ ಅದನ್ನೂ ಸೇವಿಸಿ. ಕೈಯಲ್ಲಿ ಹಿಡಿದು ಜಾಗಕ್ಕೆ ಮರಳುವುದು, ಮನೆಯವರಿಗೆಂದು ಒಯ್ಯುವುದು ಸಲ್ಲದು.

ನಾಲಿಗೆಯ ಮೇಲೆ ಪಡೆಯುವವರು ತಲೆ ತುಸು ಎತ್ತಿ, ಬಾಯಿ ಚೆನ್ನಾಗಿ ತೆರೆದು, ನಾಲಿಗೆ ಮುಂದೆ ಚಾಚಬೇಕು. ಬೇಗ ಬಾಯಿ ಮುಚ್ಚಿದರೆ ಜಾರಿ ಬೀಳುತ್ತದೆ. ಬಿದ್ದರೆ ಗಾಬರಿ ಬೇಡ: ತುಳಿಯದೆ ನಿಂತುಬಿಡಿ, ಗುರುಗಳೇ ಗೌರವದಿಂದ ಎತ್ತಿಕೊಳ್ಳುತ್ತಾರೆ. ಕ್ರಿಸ್ತರ ರಕ್ತವೆಂದು ನಂಬುವ ದ್ರಾಕ್ಷಾರಸವನ್ನೂ ಕೊಡುವ ದಿನ ರೊಟ್ಟಿಯನ್ನು ನೀವೇ ಪಾತ್ರೆಯಲ್ಲಿ ಅದ್ದಬೇಡಿ.

ಗೋಧಿ ಒಗ್ಗದವರು ಗುರುಗಳಿಗೆ ಮುಂಚಿತವಾಗಿ ತಿಳಿಸಿ. ಗ್ಲುಟೆನ್ (ಗೋಧಿಯಲ್ಲಿರುವ ಅಂಟಿನಂಥ ಅಂಶ) ಪೂರಾ ತೆಗೆದ ರೊಟ್ಟಿ ಬಲಿಪೂಜೆಗೆ ಸಲ್ಲದು, ಅತಿ ಕಡಿಮೆ ಇರುವುದಕ್ಕೆ ಅನುಮತಿಯುಂಟು. ಅದೂ ಆಗದಿದ್ದರೆ ದ್ರಾಕ್ಷಾರಸವನ್ನಷ್ಟೇ ಸ್ವೀಕರಿಸಬಹುದು. ಎರಡರಲ್ಲಿ ಯಾವುದನ್ನು ಸ್ವೀಕರಿಸಿದರೂ ಪೂರ್ಣ ಕ್ರಿಸ್ತರನ್ನೇ ಪಡೆದಂತೆ.

ಹಾಸಿಗೆ ಹಿಡಿದವರಿಗೆ ಮನೆಗೇ ತಂದುಕೊಡುತ್ತಾರೆ. ಮೇಜಿಗೆ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿ, ಒಂದು ಲೋಟ ನೀರಿಟ್ಟು, ಟೀವಿ ಆರಿಸಿಡಿ. ನುಂಗಲು ಕಷ್ಟವಿದ್ದರೆ ಮೊದಲೇ ಹೇಳಿ, ಚಿಕ್ಕ ಚೂರು ಕೊಡುತ್ತಾರೆ.