ಲಿನಕ್ಸ್ ಮಿಂಟ್ ಚಂದ ಮಾಡಲು ಹೊರಟವರಿಗೆ

ಮೊನ್ನೆ ಶಿರಸಿಯಲ್ಲಿ ಬಿಡದೆ ಮಳೆ. ತೋಟಕ್ಕೆ ಹೋಗುವ ಹಾಗಿರಲಿಲ್ಲ, ಕಂಪ್ಯೂಟರಿನಲ್ಲಿರುವ ಲಿನಕ್ಸ್ ಮಿಂಟ್ (ವಿಂಡೋಸ್ ಥರದ್ದೇ ಒಂದು ಆಪರೇಟಿಂಗ್ ಸಿಸ್ಟಮ್) ಪರದೆಯ ಕೆಳಗಿನ ಪಟ್ಟಿ, ಅಂದರೆ ಪ್ಯಾನೆಲ್, ಮೇಲಕ್ಕೆ ತರೋಣ ಅಂತ ಕೈ ಹಾಕಿದೆ. ಎರಡು ಆಪ್ಲೆಟ್ (ಪ್ಯಾನೆಲ್‌ಗೆ ಹಾಕುವ ಪುಟ್ಟ ಸಲಕರಣೆ), ಪರದೆಯ ಬಣ್ಣ-ರೂಪ ಬದಲಿಸುವ ಒಂದು ಥೀಮ್ ಹಾಕುವಷ್ಟರಲ್ಲಿ ಮೆನು ಮಾಯ, ಗಡಿಯಾರ ಮೂಲೆಯಲ್ಲಿ ಅರ್ಧ ಮಾತ್ರ. ಅಡಿಕೆ ಲೆಕ್ಕ ನೋಡಲು ಬಂದ ಅಪ್ಪಯ್ಯ, "ಇದ್ದಿದ್ದು ಚೊಲೋನೇ ಇತ್ತಲ, ಎಂತಕ್ಕೆ ಮುಟ್ಟಲೆ ಹೋದೆ?" ಅಂದ.

ಸಿಸ್ಟಮ್ಮನ್ನು ಹಳೆಯ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್‌ನಲ್ಲಿ ಹಿಂದಕ್ಕೆ ಹೋದರೂ ಪ್ಯಾನೆಲ್ ಹಾಗೇ! ಯಾಕೆಂದರೆ ಅದು ಉಳಿಸಿಡುವುದು ಸಿಸ್ಟಮ್ ಫೈಲ್‌ಗಳನ್ನು. ನಾವಾಗಿ ಹೇಳದಿದ್ದರೆ ಹೋಮ್ ಫೋಲ್ಡರನ್ನು (ಪ್ರತಿ ಯೂಸರ್ ಖಾತೆಗೂ ಬೇರೆಯಾಗಿರುವ ಸ್ವಂತ ಫೈಲ್‌ಗಳ ಜಾಗ) ಮುಟ್ಟುವುದಿಲ್ಲ. ಅಲಂಕಾರದ ಸೆಟ್ಟಿಂಗ್ ಎಲ್ಲ ಇರುವುದು ಆ ಹೋಮ್‌ನಲ್ಲೇ. ಇದು ಗೊತ್ತಾಗಲು ನನಗೆ ಅರ್ಧ ದಿನ ಬೇಕಾಯ್ತು.

ಸಿನಮನ್ ಡೆಸ್ಕ್‌ಟಾಪ್ (ಮಿಂಟ್‌ನಲ್ಲಿ ಪ್ಯಾನೆಲ್, ಮೆನು ಎಲ್ಲ ತೋರಿಸುವ ಭಾಗ) ಅಲ್ಲಾಡದೆ ನಿಂತರೆ ಕಂಟ್ರೋಲ್, ಆಲ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಡೆಸ್ಕ್‌ಟಾಪ್ ಮಾತ್ರ ಮತ್ತೆ ಶುರುವಾಗುತ್ತದೆ, ತೆರೆದ ಕೆಲಸ ಮುಚ್ಚುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಪ್ಯಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಟ್ರಬಲ್‌ಶೂಟ್‌ನಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡುವ ಆಯ್ಕೆ ಇದೆ. ಆದರೆ ನೀವು ಇಷ್ಟಪಟ್ಟು ಮಾಡಿಕೊಂಡ ಬದಲಾವಣೆಗಳೂ ಜೊತೆಗೇ ಹೋಗುತ್ತವೆ.

ಈಗ ನಾನು ಪ್ರಯೋಗಕ್ಕೇ ಅಂತ ಇನ್ನೊಂದು ಯೂಸರ್ ಖಾತೆ ಮಾಡಿಟ್ಟಿದ್ದೇನೆ. ಹೊಸ ಥೀಮ್, ಆಪ್ಲೆಟ್ ಮೊದಲು ಅಲ್ಲಿ. ಎರಡು ದಿನ ಸರಿಯಾಗಿ ನಡೆದರೆ ಮಾತ್ರ ಮನೆಯವರ ಖಾತೆಗೆ.